ಮಾಸುಮಬಿಯ ಬದಲಿ

ಬ್ಯಾಡಗಿ
೨ ಮಾರ್ಚ್ ೨೦೦೪

ಬಾಳಕೃಷ್ಣಾ,

ನಿನ್ನ ನೋಟೀಸು ಮುಟ್ಟಿತು. ರಜಿಸ್ಟರ್ ಅಂಚೆ, ಮೇಲೆ ನಿನ್ನ ಸಿಕ್ಕಾ, ಒಳಗೆ ನನ್ನ ಹೆಸರಿನ ಹಿಂದೆ ‘ಸದರಿ ಎದುರುದಾರ’. ಧಾರವಾಡದ ಹಾಸ್ಟೆಲಿನಲ್ಲಿ ಒಂದೇ ಬಕೀಟಿನ ನೀರು ಹಂಚಿಕೊಂಡು ಜಳಕ ಮಾಡಿದವನು ಈಗ ನಿನಗೆ ಸದರಿ ಆದೆ. ಇರಲಿ, ಸಿಟ್ಟಿಲ್ಲ. ನನ್ನ ಸ್ಕೂಟರ್ ಬಡಿದ ಹೆಣ್ಣುಮಗಳ ತಂಗಿ ವಕೀಲನನ್ನು ಹುಡುಕಿಕೊಂಡು ಹಾವೇರಿಗೆ ಹೋಗಿ ನಿನ್ನ ಬಾಗಿಲನ್ನೇ ಬಡಿದದ್ದು ಚಲೋ ಆಯಿತು. ಫೋನಿನಲ್ಲಿ ನಿನಗೆ ಕೇಳುವುದಿಲ್ಲ, ಆಫೀಸಿಗೆ ಬಂದರೆ ಎದುರು ಪಾರ್ಟಿಯವನನ್ನು ಒಳಗೆ ಬಿಡುವುದಿಲ್ಲ ಅಂತ ನಿನ್ನ ಗುಮಾಸ್ತ ಹೇಳಿದ. ಅದಕ್ಕೇ ಈ ಪತ್ರ.

ನೋಟೀಸಿನಲ್ಲಿ ಬರೆದದ್ದೆಲ್ಲಾ ಖರೇ. ಹೋದ ತಿಂಗಳು ಮಾರ್ಕೆಟ್ ಯಾರ್ಡಿನಿಂದ ಸ್ಕೂಟರಿನ ಮೇಲೆ ಮನೆಗೆ ಬರುತ್ತಿದ್ದೆ. ರಸ್ತೆಯ ಅರ್ಧಕ್ಕೆ ಯಾರೋ ಮೆಣಸಿನಕಾಯಿ ಒಣಹಾಕಿದ್ದರು. ಒಣಗಿದ ಕಾಯಿಯ ಮೇಲೆ ಗಾಲಿ ಹಾಯಿಸಿದರೆ ಜಾರುತ್ತದೆ ಅಂತ ಈ ಊರಿನ ಕೂಸಿಗೂ ಗೊತ್ತು. ನಾನು ಹಾಯಿಸಿದೆ. ಸ್ಕೂಟರ್ ಜಾರಿ ಹೋಗಿ, ಬುಟ್ಟಿ ಹೊತ್ತು ದಾಟುತ್ತಿದ್ದ ಮಾಸುಮಬಿಗೆ ಬಡಿಯಿತು. ಆಕೆಯ ತೊಡೆಯ ಎಲುಬು ಮುರಿಯಿತು. ನನಗೆ ಮೊಣಕೈ ತರಚಿತು, ಅಷ್ಟೇ. ಕೋರ್ಟಿನಲ್ಲೂ ಇದನ್ನೇ ಹೇಳುತ್ತೇನೆ, ನೀನು ಪ್ರಶ್ನೆ ಕೇಳುವ ತ್ರಾಸು ತಗೋಬೇಡ.

ನೋಟೀಸಿನಲ್ಲಿ ಇಲ್ಲದ್ದು ಒಂದು ಇದೆ. ಬಿದ್ದ ಕೂಡಲೇ ಆಕೆ ಕಾಲಿನ ಹೆಸರೇ ತೆಗೆಯಲಿಲ್ಲ. “ಯಾ ಅಲ್ಲಾ, ನನ್ನ ಜಾಗಾ ಹೋತಲ್ಲೋ!” ಅಂತ ಒದರಿದಳು. ಆಕೆ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಶೆಡ್ಡಿನಲ್ಲಿ ಕೆಲಸ ಮಾಡುವವಳು. ಅಲ್ಲಿ ಹೆಣ್ಣುಮಕ್ಕಳು ಸಾಲಾಗಿ ನೆಲದ ಮೇಲೆ ಕೂಡುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಜಾಗ. ಮಾಸುಮಬಿಯದು ಬಾಗಿಲ ಬಾಜೂಕ, ಗಾಳಿ ಬರುವಲ್ಲಿ. ಇಡೀ ದಿನ ಆ ಘಾಟಿನೊಳಗೆ ಉಸಿರಾಡುವವರಿಗೆ ಆ ಗಾಳಿ ಅಂದರೆ ಏನು ಅಂತ ನಾನು ನಿನಗೆ ಹೇಳಬೇಕೆ. ಆಕೆಗಿಂತ ಮೊದಲು ಆಕೆಯ ಅತ್ತೆ ಅಲ್ಲೇ ಕೂತವಳು. ಜಾಗ ಖಾಲಿ ಬಿದ್ದು ಮತ್ತೊಬ್ಬರು ಕೂತರೆ ಮುಗಿಯಿತು, ತಿರುಗಿ ಸಿಗುವುದಿಲ್ಲ. ಶೆಡ್ಡಿನ ಆಳುಗಳನ್ನು ನೋಡಿಕೊಳ್ಳುವ ಮುಕ್ಕಾದಮ ಫಕ್ಕೀರೇಶ ಯುಗಾದಿ ತನಕ ಕಾಯುತ್ತೇನೆ ಅಂದಿದ್ದಾನಂತೆ.

ಈಗ ಮುಖ್ಯ ಮಾತು. ಸ್ಯಾಂಪಲ್ ಕಾಯಿ ಕಟ್ಟಲು ನಮ್ಮ ದಲಾಲಿ ಅಂಗಡಿಗೆ ರಾಣೇಬೆನ್ನೂರಿನಿಂದ ರದ್ದಿ ಕಾಗದ ತರಿಸುತ್ತೇವೆ. ಆ ರದ್ದಿಯೊಳಗೆ ಒಂದು ಇಂಗ್ಲಿಷ್ ಪುಸ್ತಕ ಬಂದಿದೆ, ರಟ್ಟು ಇಲ್ಲ, ಮೊದಲಿನ ಹಾಳೆಗಳು ಇಲ್ಲ. ಐರ್ಲೆಂಡ್ ಅನ್ನುವ ದೇಶದ ಕಾಯ್ದೆ. ನನ್ನ ಇಂಗ್ಲಿಷ್ ನಿನಗೆ ಗೊತ್ತೇ ಇದೆ. ಯಾರೋ ಏನೋ ಮಾಡುತ್ತಿದ್ದಾರೆ ಅಂತ ತಿಳಿಯುತ್ತದೆ, ಯಾರು, ಏನು ಅಂತ ಡಿಕ್ಷನರಿ ಹೇಳಬೇಕು. ನನ್ನ ಮನೆಯಾಕೆ ಸುಶೀಲಾ ತೀರಿಹೋದ ಮೇಲೆ ಮಧ್ಯಾಹ್ನಗಳು ಬಹಳ ಉದ್ದ, ಹೀಗಾಗಿ ಡಿಕ್ಷನರಿಗೆ ಪುರಸೊತ್ತು ಇದೆ.

ಬಾಳ್ಯಾ, ಕೇಳು. ಆ ಜನರಲ್ಲಿ ಪೊಲೀಸರಿಲ್ಲ, ಜೈಲಿಲ್ಲ. ನ್ಯಾಯ ಹೇಳುವವರು ಕಾಯ್ದೆಯನ್ನು ಪದ್ಯ ಮಾಡಿ ಬಾಯಿಪಾಠ ಇಟ್ಟುಕೊಂಡಿರುತ್ತಾರೆ. ಒಬ್ಬ ನ್ಯಾಯಗಾರ ಸುಳ್ಳು ತೀರ್ಪು ಕೊಟ್ಟರೆ ಅವನ ಗಲ್ಲದ ಮೇಲೆ ಗುಳ್ಳೆ ಏಳುತ್ತಿದ್ದವಂತೆ! ದೊಡ್ಡ ಮನುಷ್ಯ ಅನ್ಯಾಯ ಮಾಡಿದರೆ ಸಣ್ಣವನು ಅವನ ಬಾಗಿಲ ಮುಂದೆ ಉಪವಾಸ ಕೂಡುತ್ತಾನೆ. ನಮ್ಮ ಧರಣಿ! ಸಮುದ್ರದ ಆಚೆ! ಜೇನು ಸಾಕಿದವನು ಬಾಜೂ ಹೊಲದವನಿಗೂ ಪಾಲು ಕೊಡಬೇಕು, ಯಾಕಂದರೆ ಹುಳ ಮೇಯ್ದದ್ದು ಅವನ ಹೊಲದ ಹೂವಿನ ಮೇಲೆ. ಓದುತ್ತಾ ಓದುತ್ತಾ ನನ್ನ ಮೈಮೇಲೆ ಮುಳ್ಳು ಎದ್ದವು.

ಮತ್ತೆ ಇದು. ಒಬ್ಬನಿಗೆ ಗಾಯ ಮಾಡಿದರೆ, ಮಾಡಿದವನೇ ಅವನ ಆರೈಕೆಯ ಹೊಣೆ ಹೊರಬೇಕು. ಚಲೋ ಜಾಗದಲ್ಲಿ ಹಾಸಿಗೆ ಹಾಸಬೇಕು, ಊಟ, ಔಷಧ ನೋಡಬೇಕು, ಗುಣ ಆಗುವ ತನಕ ಅವನ ಕೆಲಸಕ್ಕೆ ಬದಲಿ ಕೊಡಬೇಕು. ಬದಲಿ, ತಿಳಿಯಿತೇನು?

ನಾನು ಆಕೆಯನ್ನು ನಮ್ಮ ಮನೆಗೆ ಕರೆತರುತ್ತೇನೆ. ನಿನ್ನ ಕೋರ್ಟಿನ ತಕರಾರು ಇದೆಯೇ? ಐರ್ಲೆಂಡಿನ ಯಾರಾದರೂ ನ್ಯಾಯಾಧೀಶರ ವಿಳಾಸ ಸಿಕ್ಕರೆ ಕಳಿಸು, ಕೆಲವು ಸಂಶಯ ಕೇಳುವುದಿದೆ.

ನಿನ್ನ ಸದರಿ
ಹಾಲಸಿದ್ದಪ್ಪ


ಹಾವೇರಿ
೬ ಮಾರ್ಚ್ ೨೦೦೪

ಶ್ರೀ ಹಾಲಸಿದ್ದಪ್ಪನವರಿಗೆ,

ಎದುರು ಪಕ್ಷದವರು ನನಗೆ ಹೀಗೆ ಪತ್ರ ಬರೆಯುವುದು ಯೋಗ್ಯವಲ್ಲ. ನೀವು ಒಬ್ಬ ವಕೀಲರನ್ನು ನೇಮಿಸಿಕೊಳ್ಳಿರಿ. ಗಾಯಾಳುವನ್ನು ಮನೆಗೆ ಕರೆದೊಯ್ದರೆ ತಪ್ಪು ಒಪ್ಪಿಕೊಂಡಂತೆ ಆಗುತ್ತದೆ. ನಿಮ್ಮ ಹಿತಕ್ಕಾಗಿ ಹೇಳಿದ್ದೇನೆ, ಹೇಳಬಾರದಾಗಿತ್ತು.

ಹುಚ್ಚಾ, ಆ ಕಾಯ್ದೆ ಸತ್ತು ನಾನೂರು ವರ್ಷದ ಹತ್ತಿರ ಆಯಿತು. ಇಂಗ್ಲಿಷರು ಅಲ್ಲಿಯೂ ಹೋಗಿ ತಮ್ಮ ಕಾಯ್ದೆ ಹೇರಿದರು. ಆ ಬರಹ ಹುಟ್ಟಿದ್ದು ಸಾವಿರದ ಮುನ್ನೂರು ವರ್ಷದ ಹಿಂದೆ. ಈಗ ಅಲ್ಲಿ ಜಡ್ಜುಗಳು, ವಕೀಲರು, ವಾಯಿದೆಗಳು, ಎಲ್ಲಾ ನಮ್ಮಂತೆಯೇ ಅದ. ಯಾರ ವಿಳಾಸ ಕೊಡಲಿ?

ಗಲ್ಲದ ಮೇಲೆ ಗುಳ್ಳೆ ಏಳುವ ಪದ್ಧತಿ ಇಲ್ಲಿ ಇಲ್ಲದ್ದು ಪುಣ್ಯ. ಇದ್ದಿದ್ದರೆ ನಮ್ಮ ಜಿಲ್ಲೆಯಲ್ಲಿ ಮುಲಾಮು ಸಾಲುತ್ತಿರಲಿಲ್ಲ. ಈ ಮಾತನ್ನು ಯಾರ ಮುಂದೆಯೂ ಆಡಬೇಡ.

ಬಾಳಕೃಷ್ಣ
ಅರ್ಜಿದಾರಳ ವಕೀಲ


ಬ್ಯಾಡಗಿ
೧೬ ಮಾರ್ಚ್ ೨೦೦೪

ಬಾಳ್ಯಾ,

ನಿನ್ನ ಪತ್ರ ಓದಿ ಎರಡು ದಿನ ಸಪ್ಪಗೆ ಕೂತೆ. ಸತ್ತುಹೋಗಿದೆಯೆ! ನಾನು ಮನಸ್ಸಿನೊಳಗೆ ಆ ಊರಿಗೆ ಹೋಗಿ ಬಂದುಬಿಟ್ಟಿದ್ದೆ. ಆಮೇಲೆ ಅನ್ನಿಸಿತು, ಕಾಯ್ದೆ ಅಲ್ಲಿ ಸತ್ತಿದ್ದರೆ ಸತ್ತಿತು, ಇಲ್ಲಿ ಎಲುಬು ಮುರಿದದ್ದಂತೂ ಹೋದ ತಿಂಗಳು.

ಮಾಸುಮಬಿ ನಮ್ಮ ಮನೆಗೆ ಬಂದಿದ್ದಾಳೆ, ಜೊತೆಗೆ ತಂಗಿ ಮೈಮುನಾಬಿ. ಕರೆಯಲು ಹೋದಾಗ ಮಾಸುಮಬಿ ಅಂದದ್ದು ಕೇಳು.

“ಹೊಡದವರ ಮನಿಗೇ ಹೋಗಿ ಮಕ್ಕೋಬೇಕಾ ಸಾವ್ಕಾರ್ರ? ಇದ್ಯಾವ ಊರಿನ ನ್ಯಾಯಾರೀ?”

“ಐರ್ಲೆಂಡಿಂದು ತಂಗೀ.”

“ಅದೆಲ್ಲಿ ಬರತೈತಿ? ಗುತ್ತಲ ಕಡೇಕಾ?”

“ಇನ್ನೂ ದೂರ. ಸಮುದ್ರ ದಾಟಿ.”

ಮೈಮುನಾಬಿ ಮೂಲೆಯಿಂದ ಅಂದಳು: “ಕೆಂಪು ಬಸ್ಸಿಗೆ ಬಂದಿರಬೇಕ ತಗೋರಿ ನ್ಯಾಯ, ಅದಕ್ಕ ಇಷ್ಟ ತಡಾ ಆಗೇತಿ.”

ಮಾಸುಮಬಿ ಮುಸುಮುಸು ನಕ್ಕು, ನೋವಿಗೆ ಹಲ್ಲು ಕಚ್ಚಿ, “ನಡಿ ಮೈಮುನಾ, ನೋಡೇಬಿಡೂಣು, ಇವರು ಎಷ್ಟ ದಿನಾ ತಡೀತಾರ” ಅಂದಳು. ಆಕೆಯ ಮನೆಗೆ ಮೂರು ಮೆಟ್ಟಿಲು, ಪಾಯಖಾನೆ ಓಣಿಯ ಆಚೆ. ಬರದೆ ಗತಿಯೂ ಇರಲಿಲ್ಲ.

ಮಗ ಸುನೀಲಕುಮಾರ ಅಂಗಡಿಯ ಮಾನ ಹೋಯಿತು ಅಂತ ಮುಖ ಊದಿಸಿಕೊಂಡಿದ್ದಾನೆ. ಸೊಸೆ ಶೈಲಾ ಕೇಳಿದ್ದು ಒಂದೇ ಮಾತು: “ಮಾಮಾರ, ಕಾಯ್ದೆ ನಿಮ್ದು. ಬೆಡ್‌ಪ್ಯಾನ್ ಯಾರ್ದು?” ಅದಕ್ಕೆ ಪುಸ್ತಕದಲ್ಲಿ ಉತ್ತರ ಸಿಗಲಿಲ್ಲ, ಆ ಕೆಲಸ ತಾನೇ ತಗೊಂಡು ಮೈಮುನಾಬಿ ಕೊಟ್ಟಳು.

ಈಗ ನಾನು ನಿನಗೆ ತಿಳಿಸಬೇಕಾದ್ದು, ಯಾರಿಗಾದರೂ ತಿಳಿಸದಿದ್ದರೆ ಎದೆ ಒಡೆಯುವಂಥದ್ದು. ಬೇನೆಬಿದ್ದವರು ಮಲಗಿದ ಮನೆ ಹೇಗಿರಬೇಕು ಅಂತ ಆ ಜನ ಒಂದೊಂದಾಗಿ ಹೇಳಿದ್ದಾರೆ. ಹತ್ತಿರದಲ್ಲಿ ಮಕ್ಕಳಿಗೆ ಹೊಡೆಯಬಾರದು. ಗಂಡಸರು ಹೆಂಗಸರು ಹೊಡೆದಾಡಬಾರದು. ಹೊರಗೆ ನಾಯಿಗಳನ್ನು ಜಗಳಕ್ಕೆ ಬಿಡಬಾರದು. ಆಟದಲ್ಲಿ ಗೆದ್ದೆ ಅಂತ ಕೇಕೆ ಹಾಕಬಾರದು. ನಿದ್ದೆಯಿಂದ ಗಪ್ಪನೆ ಎಬ್ಬಿಸಬಾರದು. ಮತ್ತೆ, ಹಾಸಿಗೆಯ ಮೇಲಿಂದ, ದಿಂಬಿನ ಮೇಲಿಂದ ದಾಟಿ ಮಾತಾಡಬಾರದು.

ಇದನ್ನು ಓದಿ ಡಿಕ್ಷನರಿ ಮುಚ್ಚಿಟ್ಟೆ. ಸುಶೀಲಾ ಹುಬ್ಬಳ್ಳಿಯ ದವಾಖಾನೆಯಲ್ಲಿದ್ದಾಗ ನೋಡಲು ಬಂದವರು ಮಂಚದ ಆಚೆ ಈಚೆ ಕೂತು ಆಕೆಯ ಮೇಲಿಂದಲೇ ಮದುವೆಯ ಮಾತು, ಮಳೆಯ ಮಾತು ಆಡುತ್ತಿದ್ದರು. ಆಕೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಕಣ್ಣು ಹೊರಳಿಸುತ್ತಿದ್ದಳು, ಕಡೆಗೆ ಮುಚ್ಚಿಬಿಡುತ್ತಿದ್ದಳು. ಆ ಕಣ್ಣುಗಳನ್ನು ಸಾವಿರದ ಮುನ್ನೂರು ವರ್ಷದ ಹಿಂದೆ, ಮಂಜು ಕವಿದ ಯಾವುದೋ ದ್ವೀಪದಲ್ಲಿ ಒಬ್ಬ ನೋಡಿದ್ದಾನೆ, ಬಾಳ್ಯಾ. ನೋಡಿ ಕಾಯ್ದೆ ಮಾಡಿದ್ದಾನೆ. ಅವನ ಹೆಸರು ಸಹ ಗೊತ್ತಿಲ್ಲ. ಎಲ್ಲಿಗೆ ಮುಖ ಮಾಡಿ ಕೈ ಮುಗಿಯಬೇಕು?

ಮನೆಯನ್ನು ಗಪ್‌ಚಿಪ್ ಮಾಡಿಸಿದ್ದೇನೆ. ಟಿ.ವಿ. ಬಂದ್. ಮಿಕ್ಸರ್ ಹಿತ್ತಲಿಗೆ. ಐದನೆಯ ದಿನ ಮಾಸುಮಬಿ ಕರೆದಳು. “ಸಾವ್ಕಾರ್ರ, ಕೈ ಮುಗೀತೇನಿ, ಯಾರರ ಒಂದೀಟ ಜಗಳಾ ಮಾಡ್ರಿ. ನಾ ಐವತ್ತ ಮಂದಿ ಒದರೂ ಶೆಡ್ಡಿನ್ಯಾಗ ಇದ್ದಾಕಿ. ಹಿಂಗ ಸುಮ್ಮಕಿದ್ರ ನಾ ಸತ್ತೇನೇನೋ ಅಂತ ಅನಸ್ತೈತಿ.” ಈಗ ಸಂಜೆಗೆ ಧಾರಾವಾಹಿ ಹಚ್ಚುತ್ತೇವೆ. ಶೈಲಾ ಆಕೆಯ ಕಾಲ ಕಡೆ ಕೂತು ನೋಡುತ್ತಾಳೆ, ಇಬ್ಬರೂ ಕೂಡಿಯೇ ಅದರೊಳಗಿನ ಅತ್ತೆಯನ್ನು ಬೈಯುತ್ತಾರೆ.

ಎಲುಬು ಕೂಡಲಿಕ್ಕೆ ಆಡಿನ ಕಾಲಿನ ಸೂಪ್ ಬೇಕು ಅಂತ ಮೈಮುನಾಬಿ ಹಟ ಹಿಡಿದಾಗ ಮನೆಯಲ್ಲಿ ದೊಡ್ಡ ಗದ್ದಲ ಆಯಿತು, ಎಲ್ಲಾ ಪಿಸುಮಾತಿನಲ್ಲಿ. ಹಿತ್ತಲಲ್ಲಿ ಮೂರು ಕಲ್ಲಿನ ಒಲೆ ಹೂಡಿಸಿದೆ. ಲಿಂಗಾಯತರ ಹಿತ್ತಲಲ್ಲಿ ಆ ವಾಸನೆ ಏಳುವುದು ಇದೇ ಮೊದಲು. ಮೊದಲ ದಿನ ಶೈಲಾ ಮೂಗಿಗೆ ಸೆರಗು ಹಿಡಿದು ದೂರ ನಿಂತಿದ್ದಳು. ನಿನ್ನೆ ಮೈಮುನಾಬಿ ಸಂತೆಗೆ ಹೋಗಿದ್ದಳು. ಬೋಗುಣಿ ಎತ್ತಿಕೊಂಡು ಒಳಗೆ ಹೋದವಳು ಶೈಲಾ. ನಾನು ಪೇಪರ್ ಓದುವವನಂತೆ ಕೂತಿದ್ದೆ.

ಯುಗಾದಿ ಹತ್ತಿರ ಬಂತು. ಬದಲಿಯ ಚಿಂತೆ ಹತ್ತಿದೆ.

ಹಾಲಸಿದ್ದ


ಬ್ಯಾಡಗಿ
೨೮ ಮಾರ್ಚ್ ೨೦೦೪

ಬಾಳ್ಯಾ,

ಬೆರಳು ಉರಿಯುತ್ತಿವೆ, ಅಕ್ಷರ ಸೊಟ್ಟ ಆದರೆ ಓದಿಕೋ.

ಬದಲಿಗೆ ಒಬ್ಬ ಹೆಣ್ಣುಮಗಳನ್ನು ಕೂಲಿಗೆ ಕಳಿಸಬಹುದಿತ್ತು. ಹಾಗೆ ಅಂದಾಗ ಮಾಸುಮಬಿ ಗೋಡೆಯ ಕಡೆ ಹೊರಳಿದಳು. “ಆ ಗಾಳೀಗೆ ಒಮ್ಮಿ ಕುಂತಾಕಿ ತಿರುಗಿ ಏಳ್ತಾಳೇನ್ರಿ? ನಾನಾದ್ರೂ ಏಳ್ತಿದ್ದಿಲ್ಲ.” ಖರೇ ಮಾತು. ಆ ಜಾಗದ ಆಸೆ ಇಲ್ಲದವರು ಯಾರಾದರೂ ಅಲ್ಲಿ ಕೂಡಬೇಕು. ಈ ಊರಲ್ಲಿ ಅಂಥವನು ನಾನೊಬ್ಬನೇ.

ಯುಗಾದಿಯ ಮರುದಿನ ಹೋಗಿ ಫಕ್ಕೀರೇಶನ ಮುಂದೆ ನಿಂತೆ. ಸಾವ್ಕಾರ್ರು ಮಾಲು ನೋಡಲು ಬಂದಿದ್ದಾರೆ ಅಂತ ಅವನು ಕುರ್ಚಿ ತರಿಸಿದ. ನಾನು ಚಪ್ಪಲಿ ಬಿಟ್ಟು ಬಾಗಿಲ ಬಾಜೂಕ ಹೋಗಿ ನೆಲದ ಮೇಲೆ ಕೂತೆ. ಸಾಲಿನೊಳಗಿಂದ ಯಾರೋ ಅಂದಳು, “ಹೊಸಾ ಸೊಸೀ ಬಂದಾಳ ನೋಡ್ರೇ!”

“ಸೆರಗ ಹೊಚ್ಚಗೋರಿ ಸಾವ್ಕಾರ್ರ, ಘಾಟ ಹತ್ತತೈತಿ!”

“ಕಣ್ಣಿಗೆ ಕೈ ಹಚ್ಚಬ್ಯಾಡ್ರಿ ಮತ್ತ!”

“ಕಣ್ಣಿಗಷ್ಟ ಅಲ್ಲ, ಎಲ್ಲೂ ಹಚ್ಚಬ್ಯಾಡ್ರಿ!” ಇಡೀ ಶೆಡ್ಡು ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ನಕ್ಕದ್ದಕ್ಕೆ ಕೆಮ್ಮು ಹತ್ತಿತು, ಕೆಮ್ಮಿಗೆ ಕಣ್ಣೀರು ಬಂತು, ಒರೆಸಿಕೊಂಡೆ. ಆಮೇಲೆ ಏನಾಯಿತು ಅಂತ ಬರೆಯುವುದಿಲ್ಲ. ಬಾಗಿಲಲ್ಲಿ ಕೂಡಿಸಿ ಮಜ್ಜಿಗೆಯಲ್ಲಿ ಬಟ್ಟೆ ಅದ್ದಿ ಕಣ್ಣಿಗೆ ಇಟ್ಟರು.

ನಲವತ್ತು ವರ್ಷ ಮೆಣಸಿನಕಾಯಿಯ ವ್ಯಾಪಾರ ಮಾಡಿದೆ, ತೊಟ್ಟು ಬಿಡಿಸಿದವನಲ್ಲ. ಪುಸ್ತಕದಲ್ಲಿ ಒಂದು ಕಡೆ ಇದೆ: ರಾಜ, ಪಂಡಿತ, ಕಮ್ಮಾರ ಇಂಥವರನ್ನು ಆರೈಕೆಗೆ ಒಯ್ಯುವುದಿಲ್ಲ, ಅವರ ಕೆಲಸಕ್ಕೆ ಬದಲಿ ಕೊಡುವುದು ಆಗುವ ಮಾತಲ್ಲ. ಮೊದಲು ಓದಿದಾಗ ಅಡ್ಡಿಯಿಲ್ಲ ಬಿಡು, ಮಾಸುಮಬಿ ರಾಜ ಅಲ್ಲವಲ್ಲ ಅಂದುಕೊಂಡಿದ್ದೆ. ಸಂಜೆ ನನ್ನ ಬುಟ್ಟಿಯ ತಳ ನೋಡಿ ಫಕ್ಕೀರೇಶ ತಲೆ ಕೆರೆದುಕೊಂಡ. ಇಂಥವಳನ್ನು ರಾಜರ ಜೊತೆ ಎಣಿಸಲು ಅವರು ಮರೆತರೇನೋ.

ಆ ಕಾಯ್ದೆಯಲ್ಲೂ ಮೇಲು ಕೀಳು ಇದೆ, ಬಾಳ್ಯಾ. ಬೇನೆಬಿದ್ದವನ ಊಟ ಸಹ ಅವನ ಅಂತಸ್ತು ನೋಡಿ. ಆಳಿನ ಗಾಯ ಬೇರೆ, ದೊರೆಯ ಗಾಯ ಬೇರೆ. ಅದನ್ನು ಓದಿದ ದಿನ ಬಹಳ ಬೇಜಾರಾಯಿತು. ಅಷ್ಟು ದೂರ ನೋಡಿದ ಕಣ್ಣು ಇಷ್ಟು ಹತ್ತಿರದ್ದನ್ನು ಹೇಗೆ ನೋಡಲಿಲ್ಲ? ಆ ಹಾಳೆಯನ್ನು ನಮ್ಮ ಮನೆಯಲ್ಲಿ ನಡೆಸುವುದಿಲ್ಲ, ಅಷ್ಟೇ.

ಮನೆಗೆ ಬಂದರೆ ಮಾಸುಮಬಿ ಒಂದೊಂದೂ ಕೇಳುತ್ತಾಳೆ. ಯಾರು ಏನಂದರು, ಯಾರ ಸೊಸೆ ಬಸುರಿ, ಗಾಳಿ ಹೇಗಿತ್ತು.

“ಗಾಳಿ ಐತಿ ತಂಗೀ.”

“ಹೂಂ, ಐತಲ್ಲ” ಅಂದು ಕಣ್ಣು ಮುಚ್ಚುತ್ತಾಳೆ.

ಹಾಲಸಿದ್ದ


ಹಾವೇರಿ
೨೦ ಏಪ್ರಿಲ್ ೨೦೦೪

ಹಾಲಸಿದ್ದಾ,

ಎರಡು ವಾರದ ಹಿಂದೆ ನನ್ನ ಪಕ್ಷಗಾರಳ ಸಹಿಗೆ ನಿನ್ನ ಮನೆಗೇ ಬರಬೇಕಾಯಿತು. ವಕೀಲಿಕೆಯಲ್ಲಿ ಹಿಂಥಾದ್ದು ನಾ ಕಂಡಿಲ್ಲ. ನೀನು ಶೆಡ್ಡಿನಿಂದ ಬಂದು ಮಂಚದ ಆಚೆ ಕೂತಿ, ನಾನು ಈಚೆ. ನಾನು ಕೇಸಿನ ಮಾತು ತೆಗೆದೆ. ನಿನಗೆ ನೆನಪಿರಬೇಕು, ಆಕೆ ಕೈ ಎತ್ತಿ ನನ್ನನ್ನು ತಡೆದಳು.

“ವಕೀಲರ, ಆಕಡೆ ಹೋಗಿ ಅವರ ಬಾಜೂಕ ಕುಂದ್ರಿ. ನನ್ನ ಮ್ಯಾಲಿಂದ ಮಾತಾಡಬಾರದು. ಕಾಯ್ದೆ ಐತಿ.”

ನಾನು ಎದ್ದೆ. ಕುರ್ಚಿ ಎತ್ತಿಕೊಂಡು ಬಂದು ನಿನ್ನ ಬಾಜೂ ಕೂತೆ. ಹೈಕೋರ್ಟಿನ ತೀರ್ಪಿಗೂ ನಾನು ಅಷ್ಟು ಲಗೂ ಎದ್ದವನಲ್ಲ. ಕೂತ ಮೇಲೆ ಆಕೆಯ ಮುಖ ಕಾಣಿಸಿತು. ಅದಕ್ಕಿಂತ ಮೊದಲು ನಾನು ಆಕೆಯ ಕಾಲನ್ನಷ್ಟೇ ನೋಡಿದ್ದೆ, ಕೇಸು ಕಾಲಿಂದಲ್ಲವೇ.

ನಿನ್ನ ರಟ್ಟಿಲ್ಲದ ಪುಸ್ತಕ ತಂದು ಪೂರ್ತಿ ಓದಿದೆ. ಹೇಳಬೇಕೋ ಬೇಡವೋ ಅಂತ ವಾರ ತೆಗೆದೆ. ನೀನು ಇನ್ನೂ ಮುಟ್ಟದ ಹಾಳೆಯಲ್ಲಿ ಒಂದು ಮಾತದ. ಗಾಯಾಳುವನ್ನು ಕರೆದೊಯ್ದು ಆರೈಕೆ ಮಾಡುವ ಪದ್ಧತಿ ‘ಈಗ ಇಲ್ಲ’, ದಂಡ ಕೊಟ್ಟು ಮುಗಿಸುತ್ತಾರೆ ಅಂತ ಆ ಕಾಲದ ಒಂದು ಬರಹವೇ ಹೇಳತದ. ತಿಳೀತೇನು? ಇಂಗ್ಲಿಷರು ಬಂದು ಕೊಂದದ್ದಲ್ಲ. ಅದಕ್ಕೂ ಒಂಬೈನೂರು ವರ್ಷ ಮೊದಲೇ ಜನ ತಾವಾಗಿ ಬಿಟ್ಟಿದ್ದರು. ತ್ರಾಸಿನ ಕೆಲಸ, ಯಾರು ಮಾಡತಾರ? ಬಿಟ್ಟ ಮೇಲೂ ಒಂದೊಂದು ಮಾತನ್ನು, ನಾಯಿಯ ಜಗಳವನ್ನು ಸಹ, ಯಾಕೆ ಕಾಪಾಡಿ ಇಟ್ಟರು ಅಂತ ನನಗೆ ತಿಳಿಯಲಿಲ್ಲ.

ನೀನು ನಿಲ್ಲಿಸಬೇಕಾಗಿಲ್ಲ. ನಿಲ್ಲಿಸಿದರೂ ಯಾರೂ ಕೇಳೂದಿಲ್ಲ. ಇಷ್ಟೇ ಹೇಳುವುದಿತ್ತು.

ಬಾಳಕೃಷ್ಣ


ಬ್ಯಾಡಗಿ
೧೧ ಜುಲೈ ೨೦೦೪

ಬಾಳ್ಯಾ,

ಬಹಳ ದಿನ ಬರೆಯಲಿಲ್ಲ. ನೀನು ತಿರುಗಿ ಕಳಿಸಿದ ಪುಸ್ತಕದಲ್ಲಿ ಆ ಹಾಳೆಯನ್ನು ಓದಿದೆ. ಯಾಕೆ ಇಟ್ಟರು ಅಂತ ನನಗೂ ಗೊತ್ತಿಲ್ಲ. ರಾಣೇಬೆನ್ನೂರಿನ ರದ್ದಿಯವನು ತೂಕಕ್ಕೆ ಹಾಕುವ ತನಕ ಇಟ್ಟರಲ್ಲ ಅಂತ ಕೂತು ನೋಡಿದೆ. ಎಂಥ ಉದ್ದ ದಾರಿ.

ನಿನ್ನೆ ಹುಬ್ಬಳ್ಳಿಗೆ ಮಾಸುಮಬಿಯನ್ನು ತೋರಿಸಲು ಒಯ್ದಿದ್ದೆವು. ಎಲುಬು ಕೂಡಿದೆ. ಕೋಲು ಹಿಡಿದು ನಡೆಯುತ್ತಾಳೆ. ನಾವೆಲ್ಲಾ ಖುಷಿಯಿಂದ ಎದ್ದೆವು. ಆಗ ಆಕೆ ಡಾಕ್ಟರಿಗೆ ಕೇಳಿದಳು, “ನೆಲದ ಮ್ಯಾಲೆ ಯಾವಾಗಿಂದ ಕುಂದ್ರಲಿ ಸಾಹೇಬ್ರ?”

ಡಾಕ್ಟರ್ ಚಲೋ ಮನುಷ್ಯ. ಕುರ್ಚಿ ಸರಿಸಿ ಆಕೆಯ ಎದುರಿಗೆ ಬಂದು ಕೂತು, ಇನ್ನು ನೆಲದ ಮೇಲೆ ಕೂಡುವುದು ಆಗುವುದಿಲ್ಲವ್ವ ಅಂದರು. ಕಾಲು ಅಷ್ಟು ಮಡಚುವುದಿಲ್ಲ.

ಬರುವಾಗ ಜೀಪು ಹಾವೇರಿ ದಾಟಿದ ಮೇಲೆ ಆಕೆ ಅಂದಳು, “ಸಾವ್ಕಾರ್ರ, ನಾಳಿಂದ ಶೆಡ್ಡಿಗೆ ಹೋಗಬ್ಯಾಡ್ರಿ. ಕುಂದರಾಕ ಬಾರದಾಕಿಗೆ ಜಾಗಾ ಯಾಕ?”

ಇವತ್ತು ಹೋದೆ. ಕೂತೆ. ಪುಸ್ತಕದಲ್ಲಿ ಮುಂದಿನದನ್ನು ಹುಡುಕುತ್ತಿದ್ದೇನೆ. ಗುಣ ಆಗುವ ತನಕ ಬದಲಿ ಅಂತ ಇದೆ. ಇಷ್ಟೇ ಗುಣ ಆಗಿ ನಿಂತರೆ ಏನು ಅಂತ ನನ್ನ ಇಂಗ್ಲಿಷಿಗೆ ಕಾಣಿಸುತ್ತಿಲ್ಲ.

ಹಾಲಸಿದ್ದ


ಬ್ಯಾಡಗಿ
೯ ಸೆಪ್ಟೆಂಬರ್ ೨೦೦೪

ಬಾಳ್ಯಾ,

ಮಾಸುಮಬಿ ಹೋದ ತಿಂಗಳು ತನ್ನ ಮನೆಗೆ ಹೋದಳು. ಮೂರು ಮೆಟ್ಟಿಲನ್ನು ಇಳಿಜಾರು ಮಾಡಿಸಿದೆವು. ಹಾಸಿಗೆ ಎತ್ತಿದ ದಿನ ಶೈಲಾ ಸಂಜೆ ಟಿ.ವಿ. ಹಚ್ಚಲಿಲ್ಲ.

ನಾನು ಶೆಡ್ಡಿಗೆ ಹೋಗುವುದನ್ನು ಬಿಟ್ಟಿಲ್ಲ. ಊರು ಹೇಳಿ ನೋಡಿತು, ಸುನೀಲಕುಮಾರ ಹೇಳಿ ನೋಡಿದ, ಆಮೇಲೆ ಅವನೇ ದಿನಾ ಮುಂಜಾನೆ ತನ್ನ ಗಾಡಿಯ ಮೇಲೆ ಬಿಡಲು ಹತ್ತಿದ. ನಿನ್ನೆ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ತಲೆ ಎತ್ತಿದರೆ ಮಾಸುಮಬಿ, ಕೋಲು ಹಿಡಿದು.

“ಏಳ್ರಿ. ಹೋಗಬ್ಯಾಡ್ರಿ ಅಂತ ಹೇಳಿದ್ನಲ್ಲ?”

“ಹೇಳಿದ್ದಿ.”

ಸಾಲಿನ ಹೆಣ್ಣುಮಕ್ಕಳೆಲ್ಲಾ ಕೈ ನಿಲ್ಲಿಸಿದರು. ಒಬ್ಬಳು ಎದ್ದು ಫಕ್ಕೀರೇಶನ ಕುರ್ಚಿಯನ್ನು ಅವನಿಗೆ ಕೇಳದೆ ಎಳೆದುತಂದು ನನ್ನ ಬಾಜೂಕ ಇಟ್ಟಳು. ಫಕ್ಕೀರೇಶ ಕೆಂಡ ಆದ. “ಕುರ್ಚಿ ಮ್ಯಾಲೆ ಕುಂತು ತೊಟ್ಟ ಬಿಡಸೂದಾ? ರಾಶಿ ನೆಲದಾಗ ಐತಿ. ಕೈಗೆ ಹೆಂಗ ನಿಲಕ್ತೈತಿ?”

“ನಾ ಎತ್ತಿ ಕೊಡ್ತೇನಿ” ಅಂದೆ. ಮೊದಲೇ ವಿಚಾರ ಮಾಡಿದ್ದಲ್ಲ, ಬಾಯಿಗೆ ಬಂತು.

“ಸಾವ್ಕಾರ್ತಿ ಆದ್ಲು ನಮ್ಮ ಮಾಸುಮಾ!” ಅಂತ ಹಿಂದಿನಿಂದ ಯಾರೋ ಅಂದರು. ಒಂದಿಬ್ಬರು ನಕ್ಕರು. ಆಕೆ ನಗಲಿಲ್ಲ. ಕುರ್ಚಿಯ ಮೇಲೆ ಮೆಲ್ಲಗೆ ಕೂತು ಕಾಲನ್ನು ಎರಡೂ ಕೈಯಿಂದ ಮುಂದೆ ಚಾಚಿಕೊಂಡಳು. ಬಾಗಿಲಿನಿಂದ ಗಾಳಿ ಬರುತ್ತಿತ್ತು. ಆಕೆಯ ಸೆರಗು ಹಾರಿತು, ಅದನ್ನು ಹಿಡಿಯಲಿಲ್ಲ, ಹಾರಲು ಬಿಟ್ಟಳು. ನಾನು ನೆಲದ ಮೇಲಿಂದ ನೋಡುತ್ತಿದ್ದೆ. ಏನೋ ಬಹಳ ದೊಡ್ಡದರ ಮುಂದೆ ಕೂತ ಹಾಗೆ ಅನ್ನಿಸಿತು.

“ನಿಮ್ಮ ಕಾಯ್ದೆ ಯಾವಾಗ ಮುಗೀತೈತಿರಿ?” ಅಂದಳು.

“ನೀ ಮೊದಲಿನಂಗ ನೆಲದ ಮ್ಯಾಲೆ ಕುಂತ ದಿನಾ.”

“ಅದು ಇನ್ನ ಆಗೂದಿಲ್ಲಂತ ಡಾಕ್ಟರ್ ಹೇಳ್ಯಾರಲ್ಲ.”

“ನಾನೂ ಅಲ್ಲೇ ಇದ್ದೆ ತಂಗೀ. ಕೇಳೇನಿ.”

ಆಕೆ ಎರಡೂ ಕೈಯಿಂದ ಸೆರಗು ಹಿಡಿದು ಉಡಿ ಒಡ್ಡಿದಳು.

“ಹಾಕ್ರಿ ಹಂಗಾರ.”

ಹಾಲಸಿದ್ದಪ್ಪ